ತೆಂಗಿನ ಸೀಮೆಯ ಗರಸು ದಾರಿಗಳು

ನಮ್ಮ ಓದುಗರಾದ ಗೃಹಿಣಿಯೊಬ್ಬರು ಈ ಅಂಕಣಕ್ಕೆ ಒಂದು ಪ್ರಶ್ನೆಯನ್ನು ಬರೆದು ಕಳುಹಿಸಿರುವರು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಅವರ ಮಗನು ಒಂದು ಸೈಕಲ್ಲನ್ನು ಕೊಂಡಿರುವನಂತೆ. ಅದರ ಬೆಲೆ ಮೋಟಾರು ಸೈಕಲ್ಲಿನ ಬೆಲೆಗೆ ಸಮನಂತೆ. ಡಾಮರು ರಸ್ತೆಯನ್ನು ಬಿಟ್ಟು ಕಲ್ಲುಮಣ್ಣಿನ ದಾರಿಯಲ್ಲಿ ತುಳಿಯುವುದಕ್ಕಾಗಿಯೇ ಅದನ್ನು ಮಾಡಿರುವರಂತೆ. ಅದರ ಮೇಲೆ ಕುಳಿತು ಇಟಲಿ ದೇಶದ ಬೆಟ್ಟಗುಡ್ಡಗಳ ಹಳ್ಳಿದಾರಿಗಳನ್ನು ಸುತ್ತಿ ಬರಬೇಕೆಂಬುದು ಅವನ ಮನೋರಥವಂತೆ. "ಮಣ್ಣುದಾರಿಯಲ್ಲಿ ಸೈಕಲ್ ತುಳಿಯುವುದಕ್ಕೆ ಇಟಲಿಗೆ ಹೋಗಬೇಕೆ, ಮೇಷ್ಟ್ರೇ?" ಎಂಬುದು ಆ ತಾಯಿಯವರ ಪ್ರಶ್ನೆ. ಅದರಲ್ಲಿ ಸ್ವಲ್ಪ ಹಾಸ್ಯವೂ ಸ್ವಲ್ಪ ಅಳಲೂ ಬೆರೆತಿವೆ.

ಹೋಗಬೇಕಾಗಿಲ್ಲವೆಂದು ಒಂದೇ ಮಾತಿನಲ್ಲಿ ಉತ್ತರ ಹೇಳಿ ಮುಗಿಸಬಹುದಾಗಿತ್ತು. ಆದರೆ ಆ ಹುಡುಗನ ಆಸೆಯಲ್ಲಿ ಹುರುಳಿಲ್ಲದಿಲ್ಲ. ಇಟಲಿಯವರು ಮಾಡಿರುವ ಕೆಲಸವೊಂದರಿಂದ ನಾವು ಕಲಿಯತಕ್ಕುದೂ ಉಂಟು. ಆದುದರಿಂದ ಮೊದಲು ಅದನ್ನು ಹೇಳಿ, ಆಮೇಲೆ ನಮ್ಮ ಕಿಬ್ಬನಹಳ್ಳಿಯ ಸೀಮೆಗೆ ಬರುವೆನು.

ಇಟಲಿಯ ಟಸ್ಕನಿ ಪ್ರಾಂತದಲ್ಲಿ, ಸಿಯೆನಾ ಎಂಬ ಹಳೆಯ ನಗರದ ಸುತ್ತಮುತ್ತ, ದ್ರಾಕ್ಷಿಯ ತೋಟಗಳೂ ಓಲಿವ್ ಮರಗಳೂ ತುಂಬಿದ ದಿಣ್ಣೆಗಳ ನಡುವೆ ಬಿಳಿಯ ಕಲ್ಲುಪುಡಿ ಹರಡಿದ ಹಳ್ಳಿದಾರಿಗಳಿವೆ. ಬಿಸಿಲಿನಲ್ಲಿ ಅವು ಸುಣ್ಣದ ಗೆರೆ ಎಳೆದಂತೆ ಬೆಳ್ಳಗೆ ಕಾಣುವುದರಿಂದ ಅಲ್ಲಿಯ ಜನ ಅವುಗಳನ್ನು ‘ಸ್ತ್ರಾದೆ ಬಿಯಾಂಕೆ’, ಎಂದರೆ ಬಿಳಿಯ ದಾರಿಗಳು, ಎಂದು ಕರೆಯುವರು. ಒಂದೊಂದಾಗಿ ಈ ದಾರಿಗಳೆಲ್ಲ ಡಾಮರಿನ ಅಡಿಯಲ್ಲಿ ಮುಚ್ಚಿಹೋಗುವ ಕಾಲ ಬಂದಿತು. ಆಗ, ೧೯೯೭ನೆಯ ಇಸವಿಯಲ್ಲಿ, ಜಿಯಾಂಕಾರ್ಲೊ ಬ್ರೊಚ್ಚಿ ಎಂಬುವರು ಗೈಯೋಲೆ ಎಂಬ ಸಣ್ಣ ಊರಿನಿಂದ ಒಂದು ಸವಾರಿಯನ್ನು ಹೊರಡಿಸಿದರು. ಅದಕ್ಕೆ ‘ಎರೋಯಿಕಾ’ ಎಂದು ಹೆಸರು. ವೀರರ ಸವಾರಿ ಎಂದು ಅರ್ಥಮಾಡಬಹುದು. ಮೊದಲನೆಯ ವರ್ಷ ಕೂಡಿದವರು ೯೨ ಮಂದಿ. ಹಳೆಯ ಕಾಲದ ಸೈಕಲ್ಲುಗಳಿಗೆ ಮಾತ್ರ ಪ್ರವೇಶ. ೧೯೮೭ಕ್ಕೆ ಈಚೆಗೆ ತಯಾರಾದುದು ಬರಕೂಡದೆಂದು ಕಟ್ಟಳೆ. ಇದು ವಿನೋದವೆಂದು ತೋರಿದರೂ ಉದ್ದೇಶ ಗಂಭೀರವಾದದ್ದು: ಆ ಬಿಳಿಯ ದಾರಿಗಳನ್ನು ಉಳಿಸಬೇಕೆಂಬುದು. ಸಾವಿರಗಟ್ಟಲೆ ಜನ ದೇಶದೇಶಗಳಿಂದ ಬರತೊಡಗಿದರು. ೨೦೦೭ರಿಂದ ಇದೇ ದಾರಿಗಳ ಮೇಲೆ ವೃತ್ತಿಪರ ಸವಾರರ ಪಂದ್ಯವೂ ನಡೆಯುತ್ತಿದೆ. ಹಿಂದೆ ಯಾರಿಗೂ ಬೇಡವಾಗಿದ್ದ ಮಣ್ಣುದಾರಿ ಈಗ ಆ ಪ್ರಾಂತದ ಅಭಿಮಾನದ ಆಸ್ತಿಯಾಗಿದೆ. ದಾರಿಯನ್ನು ಉಳಿಸುವುದಕ್ಕೆ ಅವರು ಕಂಡುಕೊಂಡ ಉಪಾಯವೆಂದರೆ ಇಷ್ಟೇ: ಅದರ ಮೇಲೆ ಜನರನ್ನು ಓಡಾಡಿಸಿದರು.

ಇನ್ನು ನಮ್ಮ ಸೀಮೆ. ಕಿಬ್ಬನಹಳ್ಳಿಯ ಹೆಸರನ್ನು ಬಲ್ಲವರಲ್ಲಿ ಬಹುಮಂದಿ ಅದನ್ನು ಕೂಡುರಸ್ತೆಯೆಂದು ಮಾತ್ರ ಬಲ್ಲರು. ತುಮಕೂರಿನಿಂದ ತಿಪಟೂರು, ಅರಸೀಕೆರೆಗಳ ಕಡೆಗೆ ಹೋಗುವ ಹೆದ್ದಾರಿಯೂ, ಜೇವರ್ಗಿಯಿಂದ ಹೊರಟು ಹುಳಿಯಾರು, ಚಿಕ್ಕನಾಯಕನಹಳ್ಳಿ, ತುರುವೇಕೆರೆಗಳನ್ನು ಹಾದು ಚಾಮರಾಜನಗರಕ್ಕೆ ಇಳಿಯುವ ಹೆದ್ದಾರಿಯೂ ಇಲ್ಲಿ ಒಂದನ್ನೊಂದು ಕತ್ತರಿಸುವುವು. ಪ್ರಯಾಣಿಕರು ಬಸ್ಸಿಳಿದು, ಕಾಫಿ ಕುಡಿದು, ಮತ್ತೊಂದು ಬಸ್ಸು ಹತ್ತಿ ಹೊರಟುಹೋಗುವರು. ಹಗಲಿರುಳೂ ಲಾರಿಗಳ ಸಾಲು. ಈ ಹೆದ್ದಾರಿಗಳಲ್ಲಿ ಸೈಕಲ್ ತುಳಿಯುವುದು ಸಾಹಸವೇ ಹೊರತು ಸಂತೋಷವಲ್ಲ. ಆದರೆ ಯಾವ ಪಕ್ಕಕ್ಕಾದರೂ ಸರಿ, ಹೆದ್ದಾರಿಯಿಂದ ಎರಡು ಕೂಗಳತೆಯಷ್ಟು ಒಳಕ್ಕೆ ಸರಿದರೆ ಲೋಕವೇ ಬೇರೆ. ಎರಡು ಕಡೆಯೂ ತೆಂಗಿನ ತೋಟ. ನಡುವೆ ಒಂದು ಬಂಡಿ ಹೋಗುವಷ್ಟು ಅಗಲದ ದಾರಿ. ಬೇಲಿಯಲ್ಲಿ ಕತ್ತಾಳೆ, ಕಳ್ಳಿ. ಅಲ್ಲಲ್ಲಿ ಒಂದು ಹೊಂಗೆ, ಒಂದು ಹುಣಸೆ. ಮೇಲೆ ಗರಿಗಳು ಒಂದಕ್ಕೊಂದು ತಾಗಿ ಚಪ್ಪರ ಹಾಕಿದಂತಿರುವುದರಿಂದ ಚೈತ್ರ ವೈಶಾಖಗಳ ಬಿಸಿಲಿನಲ್ಲಿಯೂ ನೆರಳು. ಗರಿಯ ತುದಿಗೆ ಗೀಜಗನ ಗೂಡು ತೂಗುತ್ತಿರುವುದು. ಎಲ್ಲಿಯೋ ಒಂದು ಕಡೆ ಕಾಯಿ ಸುಲಿಯುವ ಸದ್ದು. ಅದನ್ನು ಬಿಟ್ಟರೆ ಚಕ್ರದ ಕೆಳಗೆ ಗರಸು ನುರಿಯುವ ಸದ್ದೊಂದೇ.

ಈ ಗರಸನ್ನು ಕುರಿತು ಎರಡು ಮಾತು ಹೇಳಬೇಕು. ಕೆಂಪುಮಣ್ಣಿನೊಡನೆ ಸಣ್ಣ ಕಲ್ಲಿನ ಹರಳು ಬೆರೆತಿರುವುದೇ ಗರಸು. ಎರೆಭೂಮಿಯ ದಾರಿ ಒಂದು ಮಳೆಗೆ ಅಂಟಾಗಿ ಚಕ್ರವನ್ನು ಹಿಡಿದುಕೊಳ್ಳುವುದು. ಬರಿಯ ಕೆಂಪುಮಣ್ಣು ಕೆಸರಾಗುವುದು. ಗರಸಿನಲ್ಲಿ ಹರಳಿನ ಸಂದುಗಳಿಂದ ನೀರು ಬೇಗನೆ ಇಳಿದುಹೋಗುವುದು. ಒಳ್ಳೆಯ ಗರಸು ಹಾಕಿ, ನಡುವನ್ನು ಸ್ವಲ್ಪ ಉಬ್ಬಿಸಿ, ಪಕ್ಕದಲ್ಲಿ ಚರಂಡಿ ತೆಗೆದ ದಾರಿ ರಾತ್ರಿ ಮಳೆ ಹೊಯ್ದರೂ ಬೆಳಗಿನ ಹೊತ್ತಿಗೆ ನಡೆಯುವುದಕ್ಕೆ ಯೋಗ್ಯವಾಗಿರುವುದು. ಹಿಂದೆ ಎತ್ತಿನ ಬಂಡಿಯ ಕಬ್ಬಿಣದ ಪಟ್ಟಿ ಈ ಹರಳನ್ನು ಅರೆದು ಎರಡು ನಯವಾದ ಜಾಡುಗಳನ್ನು ಮಾಡುತ್ತಿತ್ತು. ನಡುವೆ ಹುಲ್ಲು ಬೆಳೆದ ದಿಂಡು ಉಳಿಯುತ್ತಿತ್ತು. ಈಗ ಟ್ರಾಕ್ಟರಿನ ಚಕ್ರಗಳು ಜಾಡನ್ನು ಅಗಲವಾಗಿಯೂ ಆಳವಾಗಿಯೂ ತೋಡುವುವು. ಸೈಕಲ್ಲಿನವನು ಜಾಡಿನೊಳಗೇ ಇರುವುದು ಮೇಲು. ಜಾಡಿನಿಂದ ದಿಂಡಿಗೆ ಓರೆಯಾಗಿ ಹತ್ತಹೋದರೆ ಮುಂದಿನ ಚಕ್ರ ಜಾರಿ ಮೊಳಕಾಲು ತರಚುವುದು ನಿಶ್ಚಯ.

ಸೈಕಲ್ಲಿಗೆ ನಮ್ಮ ಪಂಡಿತರು ದ್ವಿಚಕ್ರಿಕೆ ಎಂದು ಹೆಸರಿಟ್ಟರು. ಹೆಸರೇನೋ ಶುದ್ಧವಾಗಿದೆ, ಆದರೆ ಹಾಗೆಂದು ಹೇಳಿದರೆ ಪಂಕ್ಚರ್ ಅಂಗಡಿಯವನು ತಿರುಗಿಯೂ ನೋಡನು. ಅದಿರಲಿ. ಆ ತಾಯಿಯವರ ಮಗನು ಬೆಲೆ ಕೊಟ್ಟು ಕೊಂಡ ಸೈಕಲ್ಲಿನ ಮುಖ್ಯ ಗುಣವೆಂದರೆ ಅಗಲವಾದ ಟೈರು. ಸುಮಾರು ೪೦ ಮಿಲಿಮೀಟರು ಇರಬಹುದು. ಇಂತಹ ಟೈರಿನಲ್ಲಿ ಗಾಳಿಯನ್ನು ಸ್ವಲ್ಪ ಕಡಮೆ ಹಿಡಿದರೆ ಅದು ಕಲ್ಲಿನ ಮೇಲೆ ಪುಟಿಯದೆ ಕಲ್ಲನ್ನು ತನ್ನೊಳಗೆ ಒತ್ತಿಕೊಂಡು ಸಾಗುವುದು. ಹಿಡಿತವೂ ಹೆಚ್ಚು, ಕುಲುಕಾಟವೂ ಕಡಮೆ. ಆದರೆ ಇದು ಹೊಸದಾಗಿ ಕಂಡುಹಿಡಿದ ಸಂಗತಿಯಲ್ಲ. ನಮ್ಮ ಹಳ್ಳಿಗಳಲ್ಲಿ ಹಾಲಿನ ಕ್ಯಾನು, ತೆಂಗಿನಕಾಯಿಯ ಚೀಲ, ಹಿಂದೆ ಹೆಂಡತಿ, ಮುಂದೆ ಮಗು, ಇಷ್ಟನ್ನೂ ಹೊತ್ತು ನಡೆದ ಕರಿಯ ಬಣ್ಣದ ದೊಡ್ಡ ಸೈಕಲ್ಲಿನ ಟೈರಿನ ಅಗಲ ಒಂದೂವರೆ ಅಂಗುಲ. ಎಂದರೆ ೩೮ ಮಿಲಿಮೀಟರು. ಅದಕ್ಕೂ ಇದಕ್ಕೂ ಹೆಚ್ಚಿನ ಅಂತರವಿಲ್ಲ. ಹಳೆಯ ಸೈಕಲ್ಲಿನ ನ್ಯೂನತೆ ಎರಡು. ಗೇರು ಒಂದೇ ಆದುದರಿಂದ ಏರಿನಲ್ಲಿ ಇಳಿದು ತಳ್ಳಬೇಕು. ಮತ್ತು, ಕಂಬಿಯ ಬ್ರೇಕು ಒದ್ದೆಯಾದ ರಿಮ್ಮನ್ನು ಹಿಡಿಯದು. ಮಳೆಯಲ್ಲಿ ಇಳಿಜಾರಿದ್ದರೆ ಇಳಿದು ನಡೆಯುವುದೇ ಬುದ್ಧಿವಂತಿಕೆ. ಇವೆರಡನ್ನು ಬಲ್ಲವನಿಗೆ ಅಟ್ಟದ ಕೆಳಗೆ ಧೂಳು ಹಿಡಿದು ನಿಂತಿರುವ ತಾತನ ಸೈಕಲ್ಲೇ ಸಾಕು. ಬೇರಿಂಗಿಗೆ ಗ್ರೀಸು, ಸರಪಣಿಗೆ ಎಣ್ಣೆ, ಹೊಸದೊಂದು ಜೊತೆ ಟ್ಯೂಬು, ಇಷ್ಟೇ ಖರ್ಚು.

ಮೊದಲನೆಯ ಸವಾರಿಗೆ ನಾನು ಅರಳಗುಪ್ಪೆಯ ದಾರಿಯನ್ನೇ ಹೇಳುವೆನು. ಕಿಬ್ಬನಹಳ್ಳಿಯಿಂದ ಮಕ್ಕಳನ್ನು ಕರೆದುಕೊಂಡು ಬೆಳಗಿನ ತಿಂಡಿಯ ಹೊತ್ತಿಗೆ ಹೊರಟರೆ, ತೋಟಗಳ ಒಳದಾರಿ ಹಿಡಿದು, ಊರೂರಿನಲ್ಲಿ ಕೇಳಿಕೊಳ್ಳುತ್ತ, ಬಿಸಿಲೇರುವುದರೊಳಗಾಗಿ ಸೇರಬಹುದು. ಕೇಳಿಕೊಳ್ಳುತ್ತ ಹೋಗಬೇಕೆಂಬುದನ್ನು ಒತ್ತಿ ಹೇಳುವೆನು. ಕೈಯಲ್ಲಿರುವ ಫೋನು ಯಾವಾಗಲೂ ಡಾಮರಿನ ದಾರಿಯನ್ನೇ ತೋರಿಸಲು ನೋಡುವುದು; ತೋಟದ ದಾರಿಯನ್ನು ಬಲ್ಲವರು ಕಾಯಿ ಆಯುತ್ತಿರುವ ಅಜ್ಜಿಯರು. ಅರಳಗುಪ್ಪೆಯಲ್ಲಿ ಎರಡು ಗುಡಿಗಳಿವೆ. ಚೆನ್ನಕೇಶವನ ಗುಡಿ ಹೊಯ್ಸಳರ ಕಾಲದ್ದು, ೧೩ನೆಯ ಶತಮಾನದ್ದು, ನಕ್ಷತ್ರಾಕಾರದ ತಳವಿನ್ಯಾಸವುಳ್ಳದ್ದು. ಬೇಲೂರು ಹಳೆಯಬೀಡುಗಳನ್ನು ನೋಡಿದವರಿಗೆ ಅದರ ಪರಿಚಯ ಬೇಗ ಆಗುವುದು. ಆದರೆ ಅದಕ್ಕಿಂತಲೂ ಹಳೆಯದಾದ ಕಲ್ಲೇಶ್ವರನ ಗುಡಿಯನ್ನು ಅನೇಕರು ಹೊರಗಿನಿಂದ ನೋಡಿ, ಇದೇನು ಸಾಮಾನ್ಯವಾದ ಕಟ್ಟಡವೆಂದು ಹಿಂದಿರುಗುವರು. ಹಾಗೆ ಮಾಡಬಾರದು. ಒಳಗೆ ಹೋಗಿ ಮೇಲೆ ನೋಡಬೇಕು. ಒಂಬತ್ತನೆಯ ಶತಮಾನದ ಆ ಛತ್ತಿನ ನಡುವೆ ಶಿವನು ನರ್ತಿಸುತ್ತಿರುವನು. ಸುತ್ತಲೂ ಎಂಟು ದಿಕ್ಕುಗಳಲ್ಲಿ ಅಷ್ಟದಿಕ್ಪಾಲಕರು ತಮ್ಮ ತಮ್ಮ ವಾಹನಗಳೊಡನೆ ಇರುವರು. ನಿಂತು ನೋಡಿದರೆ ಕತ್ತು ನೋಯುವುದು; ನೆಲದ ಮೇಲೆ ಅಂಗಾತ ಮಲಗಿ ನೋಡಿದರೆ ಕಲ್ಲು ಹಗುರವಾಗಿ ಗಾಳಿಯಲ್ಲಿ ತೇಲುತ್ತಿರುವಂತೆ ಕಾಣುವುದು. ಎಂಟು ದಿಕ್ಪಾಲಕರ ಹೆಸರನ್ನು ಪುಸ್ತಕದಿಂದ ಒಂದು ವಾರ ಬಾಯಿಪಾಠ ಮಾಡಿಸಿದರೂ ನಿಲ್ಲದ ಹುಡುಗರಿಗೆ ಇಲ್ಲಿ ಕಾಲುಗಂಟೆಯಲ್ಲಿ ನಿಲ್ಲುವುದನ್ನು ಕಂಡಿರುವೆನು. ಸೈಕಲ್ ತುಳಿದು ಬಂದ ಆಯಾಸಕ್ಕೆ ಮಲಗಿದ ನೆಲ ತಣ್ಣಗಿರುವುದೂ ಇದಕ್ಕೆ ಒಂದು ಕಾರಣವಿರಬಹುದು. ಗುಡಿಗೆ ಬೀಗವಿದ್ದರೆ ಅರ್ಚಕರ ಮನೆಯನ್ನು ವಿಚಾರಿಸಬೇಕು. ಹಿಂದಿರುಗುವಾಗ ಬಾಣಸಂದ್ರದ ಕಡೆಗೆ ತಿರುಗಿದರೆ ರೈಲನ್ನೂ ನೋಡಬಹುದು. ಮಕ್ಕಳಿಗೆ ದಿಕ್ಪಾಲಕರಿಗಿಂತ ಅದೇ ಹೆಚ್ಚು ಪ್ರಿಯವೆಂಬುದರಲ್ಲಿ ಸಂದೇಹವಿಲ್ಲ.

ಎರಡನೆಯದು ನೊಣವಿನಕೆರೆಯ ಕಡೆಯದು. ಅಲ್ಲಿಂದ ಮುಂದೆ ವಿಘ್ನಸಂತೆ. ಹೆಸರಿನಲ್ಲಿ ವಿಘ್ನವಿದ್ದರೂ ದಾರಿಯಲ್ಲಿಲ್ಲ. ವಿಘ್ನಸಂತೆಯಲ್ಲಿಯೂ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹನ ಗುಡಿಯಿದೆ, ಜನಸಂದಣಿ ಇಲ್ಲ. ಈ ಸವಾರಿಯ ಸೊಗಸು ಕೆರೆಯ ಏರಿಯ ಮೇಲೆ. ಒಂದು ಕಡೆ ನೀರು, ಇನ್ನೊಂದು ಕಡೆ ಏರಿಯ ಕೆಳಗಿನ ಗದ್ದೆ ತೋಟಗಳು ಇಷ್ಟಗಲಕ್ಕೆ ಹರಡಿರುವುವು. ಗೊರೂರಿನ ಅಣೆಕಟ್ಟಿನಿಂದ ಹೊರಟ ಹೇಮಾವತಿಯ ನಾಲೆ, ಚನ್ನರಾಯಪಟ್ಟಣದ ಸೀಮೆಯಲ್ಲಿ ಬಾಗೂರು ನವಿಲೆಯ ಸುರಂಗವನ್ನು ದಾಟಿ, ನಮ್ಮ ಕಡೆಗೆ ಬಂದ ಮೇಲೆ ಅನೇಕ ಕೆರೆಗಳು ಮತ್ತೆ ನೀರು ಕಂಡವು. ನಾಲೆಯ ದಂಡೆಯ ಮೇಲೆ ಇಂಜಿನಿಯರುಗಳ ಜೀಪಿಗಾಗಿ ಮಾಡಿದ ಗರಸಿನ ದಾರಿಯೊಂದಿರುವುದು. ಸಮತಟ್ಟಾಗಿ, ಏರಿಳಿತವಿಲ್ಲದೆ, ಬಹುದೂರ ಹೋಗುವುದು. ಹೊಸ ಸೈಕಲ್ಲಿನ ಯುವಕರು ಬೆಂಗಳೂರಿನಿಂದ ಶನಿವಾರ ಬಂದು ಈ ದಂಡೆಯನ್ನು ಬಹಳ ಹೊಗಳುವರು. ನಾನು ಹೊಗಳಲಾರೆ. ದಂಡೆಗೆ ತಡೆಗೋಡೆಯಿಲ್ಲ, ನಾಲೆಯ ಪಕ್ಕ ಜಾರು, ನೀರು ಹರಿಯುವಾಗ ಬಿದ್ದವನು ಈಜು ಬಲ್ಲವನಾದರೂ ಹತ್ತಿ ಬರುವುದು ಕಷ್ಟ. ಮಕ್ಕಳನ್ನು ಕರೆದೊಯ್ಯುವ ಗೃಹಸ್ಥರು ಕೆರೆಯ ಏರಿಗೇ ತೃಪ್ತರಾಗಬೇಕು.

ಬೆಟ್ಟವೇ ಬೇಕೆನ್ನುವವರಿಗೆ ಉತ್ತರದಲ್ಲಿ ಚಿಕ್ಕನಾಯಕನಹಳ್ಳಿಯ ಗುಡ್ಡಗಳಿವೆ. ತೀರ್ಥರಾಮಪುರದ ಕಡೆಗಾಗಲಿ, ಮದಲಿಂಗನ ಕಣಿವೆಯ ಕಡೆಗಾಗಲಿ ಹೋದರೆ ತೆಂಗು ಹಿಂದೆ ಉಳಿದು ಕುರುಚಲು ಕಾಡು ಬರುವುದು. ಮದುವಣಿಗನಾದ ಮದಲಿಂಗನ ಕಥೆಯನ್ನು ನಮ್ಮ ಕಡೆಯ ಹೆಂಗಸರು ಹಾಡಿಕೊಂಡು ಬಂದಿರುವರು. ಮಾಸ್ತಿಯವರು ಅದನ್ನು ಕಾವ್ಯವಾಗಿ ಬರೆದಿರುವರು. ಈ ಗುಡ್ಡಗಳಲ್ಲಿ ಕಬ್ಬಿಣದ ಅದಿರು ಇದೆ. ಅದಿರಿನ ಲಾರಿಗಳ ಕಾಲದಲ್ಲಿ ಇಲ್ಲಿಯ ದಾರಿಗಳಲ್ಲಿ ಸೈಕಲ್ಲಿರಲಿ, ಕಾಲುನಡೆಯೂ ದುಸ್ತರವಾಗಿತ್ತು. ಬೇಲಿಯ ಎಲೆಯೂ ತೋಟದ ಎಳನೀರೂ ಕೆಂಪಾಗಿದ್ದುವು. ೨೦೧೧ರ ಆಗಸ್ಟ್ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ತುಮಕೂರು ಮತ್ತು ಚಿತ್ರದುರ್ಗ ಜಿಲ್ಲೆಗಳ ಗಣಿಗಾರಿಕೆಯನ್ನು ನಿಲ್ಲಿಸಿದ ಬಳಿಕ ಆ ಧೂಳು ಅಡಗಿತು. ಗುಡ್ಡದ ಮೈಮೇಲೆ ಕೊರೆದ ಗಾಯ ಮಾತ್ರ ಇನ್ನೂ ಕಾಣುವುದು. ಈ ಭಾಗಕ್ಕೆ ಒಬ್ಬರೇ ಹೋಗಕೂಡದು. ಹೊತ್ತು ಮೂಡುವ ಮುಂಚೆಯೂ ಮುಳುಗಿದ ಮೇಲೂ ಹೋಗಕೂಡದು. ಕರಡಿ, ಚಿರತೆಗಳು ಉಂಟು. ನಮ್ಮ ಜಿಲ್ಲೆಯಲ್ಲಿ ೨೦೧೯ ಮತ್ತು ೨೦೨೦ರಲ್ಲಿ ಚಿರತೆಯ ಬಾಯಿಗೆ ಸಿಕ್ಕಿದವರಲ್ಲಿ ಮಕ್ಕಳೂ ಇದ್ದರೆಂಬುದನ್ನು ಮರೆಯಬಾರದು.

ಉಳಿದ ಎಚ್ಚರಿಕೆಗಳು ಕೆಲವೇ. ಜಾಲಿಯ ಮುಳ್ಳು ನಮ್ಮ ದಾರಿಗಳ ಮುಖ್ಯ ಶತ್ರು. ಬೇಲಿ ಸವರಿದ ದಿನಗಳಲ್ಲಂತೂ ಪಂಪು, ಅಂಟು, ಟ್ಯೂಬಿನ ತುಂಡು ಇಲ್ಲದೆ ಹೊರಡಬಾರದು. ಆಷಾಢದ ಗಾಳಿಯಲ್ಲಿ ತೋಟದ ದಾರಿ ಬೇಡ. ಒಣಗಿದ ಗರಿಯೂ ಕಾಯಿಯೂ ಯಾರ ತಲೆಯೆಂದು ನೋಡಿ ಬೀಳುವುದಿಲ್ಲ. ಒಳ್ಳೆಯ ಕಾಲವೆಂದರೆ ದಸರೆಯಿಂದ ಸಂಕ್ರಾಂತಿಯವರೆಗೆ: ಮೊದಲು ಹುಚ್ಚೆಳ್ಳಿನ ಹಳದಿ ಹೂವು, ಆಮೇಲೆ ರಾಗಿಯ ಕೊಯಿಲು, ಅವರೆಯ ಸೊಗಡು. ಬುತ್ತಿಗೆ ಒಂದು ಚೂರು ಕೊಬ್ಬರಿ, ಒಂದು ಅಚ್ಚು ಬೆಲ್ಲ, ಒಂದು ಹಿಡಿ ಹುರಿಗಡಲೆ. ಕೊಬ್ಬರಿ ನಮ್ಮದೇ ಇರಬೇಕು. ಹತ್ತು ತಿಂಗಳು ಅಟ್ಟದ ಮೇಲೆ ತನ್ನಷ್ಟಕ್ಕೆ ಒಣಗಿ, ಅಲುಗಿಸಿದರೆ ಚಿಪ್ಪಿನೊಳಗೆ ಗುಡುಗುಡು ಎನ್ನುವ ತಿಪಟೂರಿನ ಉಂಡೆ ಕೊಬ್ಬರಿಯ ರುಚಿ ಬಿಸಿಲಿನಲ್ಲಿ ಒಣಗಿಸಿದ ಹೋಳಿಗೆ ಬಾರದು. ಇದು ಪಕ್ಷಪಾತದ ಮಾತೆಂದು ಕರಾವಳಿಯ ಓದುಗರು ತಿಳಿದರೆ ತಿಳಿಯಲಿ.

ಈಗ, ಇಟಲಿಯವರಿಂದ ಕಲಿಯತಕ್ಕುದು ಉಂಟೆಂದು ಹೇಳಿದೆನಲ್ಲ, ಆ ವಿಷಯಕ್ಕೆ ಬರುವೆನು. ನಮ್ಮ ಗರಸು ದಾರಿಗಳಿಗೆ ಒದಗಿರುವ ಅಪಾಯ ಡಾಮರೆಂದು ಪಟ್ಟಣದ ಸವಾರರು ದುಃಖಪಡುವರು. ಅವರ ದುಃಖವನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ೨೦೦೦ನೆಯ ಇಸವಿಯಿಂದ ಪ್ರಧಾನಮಂತ್ರಿಗಳ ಗ್ರಾಮಸಡಕ್ ಯೋಜನೆಯಲ್ಲಿ ಹಳ್ಳಿಗಳಿಗೆ ಡಾಮರು ಬಂದುದರಿಂದ ಹೆರಿಗೆಯ ಹೆಂಗಸು ಸಕಾಲಕ್ಕೆ ಆಸ್ಪತ್ರೆ ಸೇರುವಳು. ಕೊಬ್ಬರಿಯ ಮೂಟೆ ನೆನೆಯದೆ ಸಂತೆ ಸೇರುವುದು. ಬೆಂಗಳೂರಿನವರ ಭಾನುವಾರದ ಸಂತೋಷಕ್ಕಾಗಿ ಹಳ್ಳಿಯವರು ಕೆಸರು ತುಳಿಯಬೇಕೆಂಬುದು ನ್ಯಾಯವಲ್ಲ. ಊರಿಂದ ಊರಿಗೆ ಹೋಗುವ ಮುಖ್ಯ ದಾರಿಗೆ ಡಾಮರಾಗಲಿ. ಆದರೆ ತೋಟದಿಂದ ತೋಟಕ್ಕೆ, ಹೊಲದಿಂದ ಕೆರೆಗೆ, ಹಳ್ಳಿಯಿಂದ ಶಾಲೆಗೆ ಹೋಗುವ ಬಂಡಿದಾರಿಗೆ ಡಾಮರು ಬೇಕಾಗಿಲ್ಲ, ಗರಸೇ ಸಾಕು. ಉದ್ಯೋಗ ಖಾತ್ರಿಯ ಹಣದಿಂದ ‘ನಮ್ಮ ಹೊಲ ನಮ್ಮ ದಾರಿ’ ಎಂಬ ಹೆಸರಿನಲ್ಲಿ ಇಂತಹ ದಾರಿಗಳಿಗೆ ಗರಸು ಹಾಕಿದುದು ಒಳ್ಳೆಯ ಕೆಲಸವೇ ಆಯಿತು. ಈ ದಾರಿಗಳಿಗೆ ನಿಜವಾದ ಅಪಾಯ ಡಾಮರಿನಿಂದಲ್ಲ, ಬೇಲಿಯಿಂದ.

ಹೆಸರು ಬೇಡ, ನಮ್ಮ ಸೀಮೆಯ ಒಂದು ಹಳ್ಳಿ. ಅಲ್ಲಿಂದ ಪ್ರೌಢಶಾಲೆಯ ಊರಿಗೆ ತೋಟಗಳ ನಡುವೆ ಒಂದು ಬಂಡಿದಾರಿಯಿತ್ತು. ಸೈಕಲ್ಲಿನಲ್ಲಿ ಕಾಲುಗಂಟೆಯ ದಾರಿ. ಸರ್ಕಾರವು ೨೦೦೬–೦೭ರಲ್ಲ
ಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲುಗಳನ್ನು ಕೊಡಲು ಆರಂಭಿಸಿದ ಮೇಲೆ, ಆ ಹಳ್ಳಿಯ ಹೆಣ್ಣುಮಕ್ಕಳು ಏಳೆಂಟು ಮಂದಿ, ಜಡೆಗಳನ್ನು ಮಡಿಸಿ ಕಟ್ಟಿಕೊಂಡು, ಸಾಲಾಗಿ ಗಂಟೆ ಬಾರಿಸುತ್ತ ಬರುತ್ತಿದ್ದರು. ದಾರಿಯಲ್ಲಿ ತುಳಿಯುತ್ತಲೇ ಪದ್ಯವನ್ನು ಒಪ್ಪಿಸಿಕೊಳ್ಳುತ್ತಿದ್ದರಾದುದರಿಂದ ಅವರಿಗೆ ಪಾಠ ಚೆನ್ನಾಗಿ ಬರುತ್ತಿತ್ತು. ಕೆಲವು ವರ್ಷಗಳಾದ ಮೇಲೆ ಒಂದು ತೋಟ ದಾಯಾದಿಗಳಲ್ಲಿ ಪಾಲಾಯಿತು. ದಾರಿಯ ಪಕ್ಕದ ಭಾಗ ಯಾರಿಗೆ ಬಂದಿತೋ ಅವರು ಮೊದಲು ಬೇಲಿಯನ್ನು ಒಂದು ಮೊಳ ಮುಂದಕ್ಕೆ ತಂದರು; ಮರುವರ್ಷ ಮತ್ತೊಂದು ಮೊಳ; ಕಡೆಗೆ ಕಲ್ಲುಕಂಬ ನಿಲ್ಲಿಸಿ, ಅಡ್ಡಲಾಗಿ ತಂತಿ ಬಿಗಿದು, ನಡುವೆ ನಾಲ್ಕು ತೆಂಗಿನ ಸಸಿಗಳನ್ನೂ ನೆಟ್ಟರು. ಬಂಡಿಗಳು ಹೋಗಿ ಟ್ರಾಕ್ಟರುಗಳು ಬೇರೆ ದಾರಿ ಹಿಡಿದಿದ್ದುದರಿಂದ ದೊಡ್ಡವರು ಯಾರೂ ಕೇಳಲಿಲ್ಲ. ಮಕ್ಕಳಿಗೆ ಉಳಿದದ್ದು ಹೆದ್ದಾರಿಯ ಸುತ್ತುದಾರಿ. ಗಂಡುಹುಡುಗರು ಅದರಲ್ಲಿಯೇ ಬಂದರು. ಹೆಣ್ಣುಮಕ್ಕಳಲ್ಲಿ ಕೆಲವರು ಬಸ್ಸಿಗೆ ಕಾದು ಮೊದಲನೆಯ ಪಾಠವನ್ನು ಕಳೆದುಕೊಂಡು ಬಂದರು. ಒಬ್ಬಳು ಒಂಬತ್ತನೆಯ ತರಗತಿಯಲ್ಲಿ ಶಾಲೆಯನ್ನೇ ಬಿಟ್ಟಳು. ಜಾಣ ಹುಡುಗಿ, ಸಂಧಿಗಳನ್ನು ಬಿಡಿಸುವುದರಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. ಮನೆಗೆ ಹೋಗಿ ಕೇಳಿದರೆ ಅವಳ ತಂದೆ ತಲೆ ತಗ್ಗಿಸಿ ಹೇಳಿದ ಮಾತಿದು: "ತೋಟದ ದಾರಿ ಇದ್ದಿದ್ರೆ ಕಳಿಸ್ತಿದ್ದೆ ಮೇಷ್ಟ್ರೇ. ಆ ಲಾರಿಗಳ ಮಧ್ಯ ಹೆಂಗೆ ಕಳಿಸ್ಲಿ?" ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಆ ಊರಿನವರಲ್ಲಿ ಇಬ್ಬರು ಮೂವರು ಕೂಡಿ ಗ್ರಾಮದ ನಕಾಶೆಯನ್ನು ತರಿಸಿ ನೋಡಿದರು. ನಮ್ಮ ಮೈಸೂರು ಸಂಸ್ಥಾನದಲ್ಲಿ ಕಂದಾಯದ ಮೋಜಣಿ ೧೮೬೩ರಲ್ಲಿ ಆರಂಭವಾಯಿತು. ಆ ಮೋಜಣಿಯಿಂದ ಬಂದ ನಕಾಶೆಗಳಲ್ಲಿ ಬಂಡಿದಾರಿಯನ್ನು ಎರಡು ಸಾಲು ಚುಕ್ಕೆಗೆರೆಯಿಂದಲೂ, ಕಾಲುದಾರಿಯನ್ನು ಒಂದೇ ಸಾಲಿನಿಂದಲೂ ತೋರಿಸಿರುವರು. ಇಂತಹದಕ್ಕೆ ‘ನಕಾಶೆ ಕಂಡ ದಾರಿ’ ಎಂದು ಕಚೇರಿಯ ಮಾತು. ನಕಾಶೆ ಕಂಡ ದಾರಿಯನ್ನು ಮುಚ್ಚುವ ಹಕ್ಕು ಪಕ್ಕದ ಜಮೀನಿನವನಿಗಿಲ್ಲ; ತಹಶೀಲ್ದಾರರಿಗೆ ಅರ್ಜಿ ಕೊಟ್ಟರೆ ಮೋಜಣಿದಾರರು ಬಂದು ಅಳೆದು ತೋರಿಸುವರು. ಇಲ್ಲಿಯೂ ಎರಡು ಸಾಲು ಚುಕ್ಕೆಗಳು ಸ್ಪಷ್ಟವಾಗಿದ್ದುವು. ಸರಪಣಿ ಹಿಡಿದು ಅಳೆದರು. ಮಾತಿಗೆ ಮಾತು ಬೆಳೆಯಿತು. ಹಿರಿಯರು ನಡುವೆ ಬಂದರು. ಕೊನೆಗೆ ಆದದ್ದೇನೆಂದರೆ, ತೋಟದವರು ತಂತಿಯನ್ನು ಕತ್ತರಿಸಿ, ಎರಡು ಕಲ್ಲುಕಂಬಗಳ ನಡುವೆ ಹ್ಯಾಂಡಲನ್ನು ಓರೆಮಾಡಿಕೊಂಡು ಸೈಕಲ್ ನುಗ್ಗಿಸುವಷ್ಟು ಸಂದು ಬಿಟ್ಟರು. ಬಂಡಿ ಹೋಗದು. ನಕಾಶೆಯಲ್ಲಿರುವುದು ಬಂಡಿದಾರಿ, ಬಿಟ್ಟಿರುವುದು ಬೆಕ್ಕಿನ ದಾರಿ ಎಂದು ಊರಿನವರು ಈಗಲೂ ಗೊಣಗುವರು. ಶಾಲೆ ಬಿಟ್ಟ ಹುಡುಗಿಯ ತಂಗಿ ಆ ಸಂದಿನಲ್ಲಿ ನುಗ್ಗಿ ಶಾಲೆಗೆ ಬಂದಳು. ಅಕ್ಕ ಮತ್ತೆ ಬರಲಿಲ್ಲ. ಅಷ್ಟರೊಳಗೆ ಅವಳಿಗೆ ಮದುವೆಯಾಗಿತ್ತು.

ದಾರಿಗೆ ಅಡ್ಡಹಾಕುವವರು ಹಿಂದೆಯೂ ಇದ್ದರು. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ದೊರೆತ ಓಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಅಚ್ಚುಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇಂತಹವರಿಗೆ ದಂಡವನ್ನು ಗೊತ್ತುಮಾಡಿದೆ. ಮನುಷ್ಯರೂ ಕುರಿಮೇಕೆಗಳೂ ನಡೆಯುವ ದಾರಿಯನ್ನು ತಡೆದವನಿಗೆ ೧೨ ಪಣ. ದನಗಳಂತಹ ದೊಡ್ಡ ಪಶುಗಳ ದಾರಿಯನ್ನು ತಡೆದವನಿಗೆ ೨೪ ಪಣ. ಆನೆಯ ದಾರಿಯನ್ನೂ ಹೊಲಕ್ಕೆ ಹೋಗುವ ದಾರಿಯನ್ನೂ ತಡೆದವನಿಗೆ ೫೪ ಪಣ. ಹೊಲದ ದಾರಿಯನ್ನು ಆನೆಯ ದಾರಿಯೊಡನೆ ಒಂದೇ ಪಂಕ್ತಿಯಲ್ಲಿ ಕೂಡಿಸಿರುವುದನ್ನು ಕಂಡರೆ, ಆ ಕುಟಿಲಮತಿಗೆ ಬೇಸಾಯಗಾರನ ಕಷ್ಟ ತಿಳಿದಿತ್ತೆಂದು ಹೇಳಬೇಕು. ಪಥ್ಯವೆಂಬ ಶಬ್ದವೂ ಪಥದಿಂದಲೇ ಬಂದುದು. ದಾರಿಯನ್ನು ಬಿಟ್ಟು ಹೋಗದೆ ಇರುವುದು ಪಥ್ಯ. ನಮ್ಮ ಮನೆಗಳಲ್ಲಿ ಅದು ಜ್ವರ ಬಂದಾಗಿನ ಗಂಜಿಗೆ ಮಾತ್ರ ಉಳಿದುಕೊಂಡಿದೆ.

ಯಾರೂ ನಡೆಯದ ದಾರಿಗೆ ಬೇಲಿ ಸುಲಭವಾಗಿ ಬರುವುದು. ವಾರಕ್ಕೊಮ್ಮೆ ಹತ್ತು ಸೈಕಲ್ಲುಗಳು ಹೋಗುವ ದಾರಿಗೆ ಕಂಬ ನೆಡುವವನು ಸ್ವಲ್ಪ ಯೋಚಿಸುವನು. ಟಸ್ಕನಿಯವರು ಉತ್ಸವ ಮಾಡಿ ಮಾಡಿದ ಕೆಲಸವನ್ನು ನಾವು ಉತ್ಸವವಿಲ್ಲದೆಯೇ ಮಾಡಬಹುದು. ಆ ತಾಯಿಯವರ ಮಗನು ಇಟಲಿಗೂ ಹೋಗಿ ಬರಲಿ; ಬೇಡವೆನ್ನಲು ನಾನಾರು? ಅದಕ್ಕೆ ಮೊದಲು ರಜೆಯಲ್ಲಿ ಊರಿಗೆ ಬಂದಾಗ ತನ್ನ ಗ್ರಾಮದ ನಕಾಶೆಯ ಪ್ರತಿಯೊಂದನ್ನು ತರಿಸಿಕೊಳ್ಳಲಿ. ಭೂಮಾಪನ ಕಚೇರಿಯಲ್ಲಿ ದೊರೆಯುವುದು. ಕಂದಾಯ ಇಲಾಖೆಯವರು ಅಂತರ್ಜಾಲದಲ್ಲಿಯೂ ಇಟ್ಟಿರುವರು. ಅದನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು, ಚುಕ್ಕೆಗೆರೆ ಎಲ್ಲೆಲ್ಲಿ ಹೋಗುವುದೋ ಅಲ್ಲೆಲ್ಲ ಸೈಕಲ್ಲನ್ನು ಬಿಡಲಿ. ದಾರಿ ಇರುವ ಕಡೆ ಹಸುರು ಸೀಸದಕಡ್ಡಿಯ ಗುರುತು, ಚುಕ್ಕೆಯಿದ್ದು ದಾರಿ ಇಲ್ಲದ ಕಡೆ ಕೆಂಪು ಗುರುತು. ನಮ್ಮ ಹೋಬಳಿಯಲ್ಲಿ ನಾಲ್ಕಾರು ಹುಡುಗರು ಹುಡುಗಿಯರು ಕಳೆದ ಬೇಸಿಗೆಯಲ್ಲಿ ಮೂರು ಗ್ರಾಮಗಳ ನಕಾಶೆಗಳನ್ನು ಹೀಗೆ ಗುರುತುಮಾಡಿ ಮುಗಿಸಿರುವರು. ನಾಲ್ಕನೆಯದರ ಅರ್ಧ ಭಾಗ ಉಳಿದಿದೆ. ಅಲ್ಲಿ ಜಾಲಿಯ ಮುಳ್ಳು ಹೆಚ್ಚಾಗಿರುವುದರಿಂದ ಮಳೆ ನಿಂತು ಬೇಲಿ ಸವರುವ ಕೆಲಸ ಮುಗಿಯಲೆಂದು ಕಾದಿರುವರು.